ಮೆಣಸಗಿ ಅಂದರೆ ಹದಿನೆಂಟು ಬೈಟು



"ಸರ್ವರ್ ಇಲ್ರೀ, ನಾಳಿ ಬರ್ರಿ." ಈ ಮಾತು ಕೇಳದ ರೈತ ನಮ್ಮ ಭಾಗದಲ್ಲಿ ಸಿಗಲಿಕ್ಕಿಲ್ಲ. ಉತಾರ ತೆಗೆಸಲು ಹೋದಾಗ, ಬೆಳೆ ವಿಮೆ ತುಂಬಲು ಹೋದಾಗ, ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ಹೋದಾಗ ನೀವೂ ಕೇಳಿರುತ್ತೀರಿ. ಮೆಣಸಗಿಯ ನಮ್ಮ ಕಾಕಾ ಅದನ್ನು ಎಷ್ಟು ಸಲ ಕೇಳಿದ್ದರೋ, ದೀಪಾವಳಿಗೆ ಊರಿಗೆ ಹೋಗಿದ್ದ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ನೇರವಾಗಿ ಕೇಳಿದರು: "ತಮ್ಮಾ, ನೀ ಕಂಪ್ಯೂಟರ್ ಕಲಿಸಾಂವ. ಈ ಸರ್ವರ್ ಅಂದ್ರ ಏನು? ಎಲ್ಲಿರತೈತಿ ಅದು? ನಾ ಇಲ್ಲಿ ಮೊಬೈಲ್ದಾಗ ಬರದದ್ದನ್ನ ಅದು ಅಲ್ಲಿ ಹ್ಯಾಂಗ ಓದತೈತಿ?"

ಮೊದಲ ಎರಡು ಪ್ರಶ್ನೆಗೆ ಉತ್ತರ ಸುಲಭ. ಸರ್ವರ್ ಅಂದರೆ ಯಾರಾದರೂ ಕೇಳಿದಾಗ ಉತ್ತರ ಕೊಡಲು ಕಾದು ಕೂತ ಒಂದು ಪ್ರೋಗ್ರಾಮು. ಅದು ಬೆಂಗಳೂರಿನಲ್ಲೂ ಇರಬಹುದು, ಕಾಕಾನ ಕಟ್ಟೆಯ ಮೇಲೂ ಇರಬಹುದು. ಮೂರನೆಯ ಪ್ರಶ್ನೆ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಹತ್ತಾರು ವರ್ಷ ಪಾಠ ಮಾಡಿದ್ದೇನೆ, ಪೈಥಾನ್ ಭಾಷೆಯಲ್ಲಿ ಸರ್ವರ್ ಬರೆಯುವುದನ್ನು ಹುಡುಗರಿಗೆ ಕಲಿಸಿದ್ದೇನೆ. ಆದರೆ ಮೊಬೈಲಿನಲ್ಲಿ ಬರೆದು ಕಳಿಸುವವನ ಕಡೆಯಿಂದ ಈ ಪ್ರಶ್ನೆಯನ್ನು ಯಾರೂ ನನಗೆ ಹಾಕಿರಲಿಲ್ಲ. ಇವತ್ತಿನ ಮಾತು ಆ ಪ್ರಶ್ನೆಯದೇ.

ಮೆಣಸಗಿ ರೋಣ ತಾಲ್ಲೂಕಿನ ಊರು. ಮಲಪ್ರಭೆಯ ದಂಡೆ, ಕರಿ ಎರಿ ಹೊಲ. ಅವತ್ತು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಮೇಲು ಅನ್ನಿಸಿತು. ಕಾಕಾನ ಮೊಬೈಲಿನ ಹಾಟ್‌ಸ್ಪಾಟಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿದೆ. ಪೈಥಾನಿನ ಜೊತೆಗೇ ಬರುವ ಎಚ್‌ಟಿಟಿಪಿ-ಸರ್ವರ್ ಎಂಬ ಸಿದ್ಧ ಸಲಕರಣೆಗಳ ಗ್ರಂಥಾಲಯ ಬಳಸಿ ಇಪ್ಪತ್ತು ಸಾಲಿನ ಸರ್ವರ್ ಬರೆದೆ. ಅದು ಕಲಿಯಲಿಕ್ಕೆ ಸಾಕು. ಊರಿಗೆಲ್ಲ ಸೇವೆ ಕೊಡುವ ಕೆಲಸಕ್ಕೆ ಅದನ್ನು ಬಳಸಬೇಡಿ ಎಂದು ಪೈಥಾನ್ ಕಟ್ಟಿದವರೇ ಎಚ್ಚರಿಸಿದ್ದಾರೆ. ತುಂಬಲು ಒಂದು ಫಾರ್ಮು ಮಾಡಿ ಅದರಲ್ಲಿ ಐದು ಮನೆ ಇಟ್ಟೆ: ಊರು, ಸರ್ವೆ ನಂಬರು, ಎಕರೆ, ಗುಂಟೆ, ಬೆಳೆ. ಕಾಕಾ ಮೊಬೈಲಿನ ಬ್ರೌಸರಿನಲ್ಲಿ ಅದನ್ನು ತೆರೆದು, ತೋರುಬೆರಳಿನಿಂದ ನಿಧಾನಕ್ಕೆ ಊರಿನ ಹೆಸರು ಒತ್ತಿದರು. ಮೆಣಸಗಿ. "ಕಳಿಸು" ಎಂಬ ಗುಂಡಿ ಅದುಮಿದರು. ಲ್ಯಾಪ್‌ಟಾಪಿನ ಕರಿ ಪರದೆಯ ಮೇಲೆ ಒಂದು ಸಾಲು ಮೂಡಿತು.

ಕಾಕಾ ಕನ್ನಡಕ ಏರಿಸಿ ನೋಡಿದರು. ಶೇಕಡಾ ಗುರುತು, ಇಂಗ್ಲಿಷಿನ ಇ, ಸೊನ್ನೆ. ಮತ್ತೆ ಶೇಕಡಾ ಗುರುತು, ಬಿ, ಎರಡು. ಮತ್ತೆ ಶೇಕಡಾ ಗುರುತು, ಎ, ಇ. ಹೀಗೇ ಸಾಲುದ್ದಕ್ಕೂ.

"ಇದರಾಗ ನಮ್ಮ ಊರ ಹೆಸರು ಎಲ್ಲೈತೋ?"

"ಇದ ನಿಮ್ಮ ಊರು ನೋಡ್ರಿ ಕಾಕಾ. ಈ ಮೂರು ತುಣುಕು ಕೂಡಿದ್ರ 'ಮ' ಆಗತೈತಿ."

ಕೇಳುಗರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ರೌಸರು ಸರ್ವರಿಗೆ ಅಕ್ಷರ ಕಳಿಸುವುದಿಲ್ಲ, ಬೈಟು ಕಳಿಸುತ್ತದೆ. ಬೈಟು ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡದ ಅಕ್ಷರಗಳಿಗೆ, ಸ್ವರಚಿಹ್ನೆಗಳಿಗೆ ಒಂದೊಂದು ಸಂಖ್ಯೆ ಗೊತ್ತಾಗಿದೆ. ಯುಟಿಎಫ್-8 ಎಂಬ ಬರವಣಿಗೆಯ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ನಮ್ಮ ಪ್ರತಿ ಸಂಕೇತಕ್ಕೆ ಮೂರು ಬೇಕು. ಮೆಣಸಗಿಯಲ್ಲಿ ಕಣ್ಣಿಗೆ ನಾಲ್ಕು ಅಕ್ಷರ ಕಾಣುತ್ತವೆ. ಒಳಗೆ ಇರುವುದು ಆರು ಸಂಕೇತ: ಮ, ಅದರ ಎತ್ವ, ಣ, ಸ, ಗ, ಅದರ ಗುಡಿಸು. ಆರು ಮೂರಲೆ ಹದಿನೆಂಟು ಬೈಟು. ವಿಳಾಸದ ಸಾಲಿನಲ್ಲಿ ಹೋಗುವಾಗ ಪ್ರತಿ ಬೈಟೂ ಶೇಕಡಾ ಗುರುತು ಮತ್ತು ಎರಡು ಅಂಕಿ-ಅಕ್ಷರಗಳ ವೇಷ ಹಾಕಬೇಕು. ಅಲ್ಲಿಗೆ ಐವತ್ನಾಲ್ಕು ಗುರುತು. ಸರ್ವರ್ ಬರೆಯುವವರ ಮೊದಲ ಕೆಲಸ ಈ ವೇಷ ಕಳಚಿ, ಬೈಟುಗಳನ್ನು ಜೋಡಿಸಿ, ಮತ್ತೆ ಮೆಣಸಗಿ ಮಾಡುವುದು. ಪೈಥಾನಿನಲ್ಲಿ ಅದಕ್ಕೆ ಪಾರ್ಸ್-ಕ್ಯೂಎಸ್ ಎಂಬ ಸಿದ್ಧ ಸಲಕರಣೆ ಇದೆ. ಒಂದೇ ಸಾಲು ಬರೆದರೆ ಊರ ಹೆಸರು ತಿರುಗಿ ಬರುತ್ತದೆ. ಕಾಕಾನ ಎದುರಿಗೆ ಅದನ್ನು ಮಾಡಿ ತೋರಿಸಿದೆ. ಕರಿ ಪರದೆಯ ಮೇಲೆ ಕನ್ನಡ ಮೂಡಿದಾಗ ಅವರು ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಓದಿದರು.

ಬ್ರೌಸರು ಮಾತು ಕಳಿಸುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಗೆಟ್, ಇನ್ನೊಂದು ಪೋಸ್ಟ್. ಗೆಟ್‌ನಲ್ಲಿ ಬರೆದದ್ದೆಲ್ಲ ವಿಳಾಸದ ಬಾಲಕ್ಕೆ, ಪ್ರಶ್ನಾರ್ಥಕ ಚಿಹ್ನೆಯ ಮುಂದೆ, ಅಂಟಿಕೊಂಡು ಹೋಗುತ್ತದೆ. ಅದು ಬ್ರೌಸರಿನ ಹಳೆಯ ಪುಟಗಳ ಪಟ್ಟಿಯಲ್ಲಿ ಉಳಿಯುತ್ತದೆ, ಸರ್ವರಿನ ದಿನಚರಿಯಲ್ಲೂ ಉಳಿಯುತ್ತದೆ. ಊರ ಹೆಸರು ಹುಡುಕಲು ಇದು ಸರಿ. ಆಧಾರ್ ನಂಬರು, ಬ್ಯಾಂಕ್ ಖಾತೆ, ಫೋನ್ ನಂಬರುಗಳನ್ನು ಗೆಟ್‌ನಲ್ಲಿ ಕಳಿಸುವ ಫಾರ್ಮು ಮಾಡುವುದು ತಪ್ಪು. ಹೆಣ್ಣುಮಕ್ಕಳು ಅಣ್ಣನ ಮೊಬೈಲಿನಲ್ಲಿ ಅರ್ಜಿ ತುಂಬುವ ಮನೆಗಳು ನಮ್ಮಲ್ಲಿ ಬಹಳ. ಅವರು ತುಂಬಿದ್ದು ಆ ಮೊಬೈಲಿನಲ್ಲಿ ಉಳಿಯಬಾರದು. ಪೋಸ್ಟ್‌ನಲ್ಲಿ ವಿವರ ವಿಳಾಸದಲ್ಲಿ ಇರುವುದಿಲ್ಲ, ಕೋರಿಕೆಯ ಒಡಲಿನಲ್ಲಿ ಬರುತ್ತದೆ. ಒಡಲು ಎಷ್ಟು ಬೈಟು ಉದ್ದ ಎಂಬುದನ್ನು ಬ್ರೌಸರು ಮೊದಲೇ ಒಂದು ಸಾಲಿನಲ್ಲಿ ಹೇಳಿರುತ್ತದೆ. ಅದಕ್ಕೆ ಕಂಟೆಂಟ್-ಲೆಂಗ್ತ್ ಎನ್ನುತ್ತಾರೆ. ಅಷ್ಟು ಓದಿ ನಿಲ್ಲಿಸಬೇಕು. ಎಷ್ಟು ಎಂದು ನೋಡದೆ "ಎಲ್ಲಾ ಓದು" ಎಂದರೆ ಸರ್ವರು ಇನ್ನೂ ಏನೋ ಬರುತ್ತದೆಂದು ಕಾಯುತ್ತ ಕೂರುತ್ತದೆ. ಅತ್ತ ಬ್ರೌಸರು ಉತ್ತರಕ್ಕೆ ಕಾಯುತ್ತದೆ. ಮೊಬೈಲಿನ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ.

ನಾನು ಕಲಿಯುವಾಗ ಆದ ಒಂದು ಸಂಗತಿ ಹೇಳುತ್ತೇನೆ. ಊರ ಹೆಸರನ್ನಷ್ಟೇ ನೇರ ಕನ್ನಡದಲ್ಲಿ ಸರ್ವರಿಗೆ ಕಳಿಸುವ ಪುಟ್ಟ ಪ್ರೋಗ್ರಾಮು ಬರೆದಿದ್ದೆ. ಉದ್ದ ಎಷ್ಟು ಎಂದು ಪೈಥಾನನ್ನೇ ಕೇಳಿದೆ. ಆರು ಎಂದಿತು. ಆರು ಎಂದೇ ಬರೆದು ಕಳಿಸಿದೆ. ಸರ್ವರಿನ ಕಡೆ ಓದಿದಾಗ ಬಂದದ್ದು "ಮೆ" ಮಾತ್ರ. ಪೈಥಾನ್ ಸುಳ್ಳು ಹೇಳಿರಲಿಲ್ಲ. ಅದು ಎಣಿಸಿದ್ದು ಸಂಕೇತಗಳನ್ನು, ತಂತಿಯ ಮೇಲೆ ಹೋಗುವುದು ಬೈಟುಗಳು. ಆರು ಬೈಟಿನಲ್ಲಿ ಎರಡೇ ಸಂಕೇತ ಹಿಡಿಸುತ್ತವೆ, ಮ ಮತ್ತು ಅದರ ಎತ್ವ. ಊರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಪರೀಕ್ಷೆ ಮಾಡಿದ್ದರೆ ಈ ತಪ್ಪು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಎರಡೂ ಲೆಕ್ಕ ಒಂದೇ.

ಕಾಕಾನ ಫಾರ್ಮಿಗೆ ಮರಳೋಣ. ಎಕರೆಯ ಮನೆಯಲ್ಲಿ ಅವರು 2 ಎಂದೂ ಗುಂಟೆಯ ಮನೆಯಲ್ಲಿ 20 ಎಂದೂ ತುಂಬಿದ್ದರು. ಫಾರ್ಮಿನಿಂದ ಬರುವುದೆಲ್ಲ ಪಠ್ಯ. ಬ್ರೌಸರಿಗೆ 2 ಕೂಡ ಒಂದು ಅಕ್ಷರವೇ. ಪೈಥಾನಿಗೆ ಅವೆರಡನ್ನು ಹಾಗೇ ಕೂಡಿಸು ಎಂದರೆ 220 ಎಂದು ಜೋಡಿಸಿ ಕೊಡುತ್ತದೆ. ಎರಡೂವರೆ ಎಕರೆಯ ರೈತ ಇನ್ನೂರಿಪ್ಪತ್ತಕ್ಕೆ ಏರಿಬಿಡುತ್ತಾನೆ. ಮೊದಲು ಪಠ್ಯವನ್ನು ಸಂಖ್ಯೆ ಮಾಡಬೇಕು, ಆಮೇಲೆ ನಲವತ್ತು ಗುಂಟೆಗೆ ಒಂದು ಎಕರೆ ಎಂಬ ನಮ್ಮ ಲೆಕ್ಕ ಹಾಕಬೇಕು. ಆಗ 100 ಗುಂಟೆ ಬರುತ್ತದೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಯಾರಾದರೂ ದಶಮಾಂಶ ಎಂದು ತಿಳಿದು 2.20 ಎಂದು ಇಟ್ಟುಕೊಂಡರೂ ಹನ್ನೆರಡು ಗುಂಟೆ ಕಾಣೆಯಾಗುತ್ತದೆ.

ಇಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಒಂದು ವಿಷಯ ಇದೆ. ಕಾಕಾ ಎರಡನೆಯ ಸಲ ತುಂಬುವಾಗ ಕೀಲಿಮಣೆ ಕನ್ನಡದಲ್ಲೇ ಇತ್ತು, ಕನ್ನಡ ಅಂಕಿಯಲ್ಲಿ ೨೦ ಎಂದು ಬಂತು. ಪೈಥಾನ್ ಅದನ್ನೂ ಇಪ್ಪತ್ತು ಎಂದೇ ಓದಿತು. ನಾನು ಬೇರೆ ಏನೂ ಬರೆದಿರಲಿಲ್ಲ. ಪೈಥಾನ್ ಮೂರರ ಸಂಖ್ಯಾ ಪರಿವರ್ತನೆ ಯೂನಿಕೋಡಿನ ಅಂಕಿಗಳನ್ನೆಲ್ಲ ಬಲ್ಲದು, ಕನ್ನಡದ ಅಂಕಿಯೂ ಅದರಲ್ಲಿ ಸೇರಿದೆ. ಎಷ್ಟೋ ಫಾರ್ಮುಗಳು ಕನ್ನಡ ಅಂಕಿ ಬಂದರೆ "ಸರಿಯಾದ ಸಂಖ್ಯೆ ತುಂಬಿರಿ" ಎಂದು ಹಿಂದಕ್ಕೆ ಹಾಕುತ್ತವೆ. ಪೈಥಾನಿಗೆ ಓದಲು ಬರುವುದನ್ನು ನಾವೇ ತಡೆದು ನಿಲ್ಲಿಸಿದರೆ ಅದು ಅನ್ಯಾಯ. ಆದರೆ ಸರ್ವೆ ನಂಬರನ್ನು ಮಾತ್ರ ಸಂಖ್ಯೆ ಮಾಡಲು ಹೋಗಬೇಡಿ. ಅದರಲ್ಲಿ ಓರೆಗೆರೆ ಇರುತ್ತದೆ, ಹಿಸ್ಸಾ ಇರುತ್ತದೆ, ಅ, ಬ ಎಂಬ ಅಕ್ಷರ ಇರುತ್ತದೆ. ಅದು ಹೊಲದ ಹೆಸರು, ಎಣಿಕೆಯಲ್ಲ. ಯಾವುದಾದರೂ ಮನೆ ಖಾಲಿ ಬಿಟ್ಟವರ ಮಾತೂ ಇದೆ. ಪಾರ್ಸ್-ಕ್ಯೂಎಸ್ ಬೇರೆ ಹೇಳದ ಹೊರತು ಖಾಲಿ ಮನೆಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ಖಾಲಿಯನ್ನೂ ಇಟ್ಟುಕೋ ಎಂದು ಬರೆಯಬೇಕು. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ಎಂಬುದೂ ರೈತ ಹೇಳಿದ ಮಾತೇ.

ಈಗ ಬೆಳೆಯ ಮನೆ. ನಾನು ಹೇಳಬೇಕೆಂದು ಬಂದ ಮಾತಿನ ತಿರುಳು ಇಲ್ಲಿದೆ.

ನಮ್ಮ ಎರಿ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಒಟ್ಟಿಗೇ ಹಾಕುವ ರೂಢಿ ಹಳೆಯದು. ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಎಂಬ ವಿವೇಕ ಅದರಲ್ಲಿದೆ. ಕಾಕಾ ಮೂರಕ್ಕೂ ಗುರುತು ಹಾಕಿದರು. ಬ್ರೌಸರು ಮೂರನ್ನೂ ಕಳಿಸಿತು. ಬೆಳೆ ಎಂಬ ಒಂದೇ ಹೆಸರಿನಡಿ ಮೂರು ಸಲ: ಬೆಳೆ ಉಳ್ಳಾಗಡ್ಡಿ, ಬೆಳೆ ಮೆಣಸಿನಕಾಯಿ, ಬೆಳೆ ಹತ್ತಿ. ಬ್ರೌಸರು ಏನನ್ನೂ ಮುಚ್ಚಿಡಲಿಲ್ಲ. ಮುಂದಿನದು ಓದುವವನ ಕೈಯಲ್ಲಿದೆ.

ಪೈಥಾನಿನಲ್ಲಿ ಸರ್ವರ್ ಬರೆಯಲು ಹಲವು ಸಿದ್ಧ ಚೌಕಟ್ಟುಗಳಿವೆ. ಅವುಗಳಲ್ಲಿ ವೆಬ್-ಪೈ ಎಂಬುದಕ್ಕೆ ನಮ್ಮ ಕರ್ನಾಟಕದ ನಂಟಿದೆ. ಅದನ್ನು ಶುರು ಮಾಡಿದವರು ಅಮೆರಿಕದ ಆರನ್ ಸ್ವಾರ್ಟ್ಜ್. ಜ್ಞಾನ ಎಲ್ಲರಿಗೂ ತೆರೆದಿರಬೇಕೆಂದು ಹೋರಾಡಿ 2013ರ ಜನವರಿಯಲ್ಲಿ, 26ನೇ ವಯಸ್ಸಿಗೇ ತೀರಿಹೋದ ಯುವಕ. ಅವರ ಜೊತೆಗೂ ಅವರ ನಂತರವೂ ವೆಬ್-ಪೈಯನ್ನು ಬೆಳೆಸಿ ಕಾಪಾಡಿದವರು ಬೆಂಗಳೂರಿನಲ್ಲಿ ಕೆಲಸ ಮಾಡುವ ಆನಂದ್ ಚಿಟಿಪೋತು. ಲೋಕದ ಪ್ರತಿ ಪುಸ್ತಕಕ್ಕೂ ಒಂದು ಪುಟ ಇರಬೇಕೆಂದು ಹೊರಟ ಓಪನ್ ಲೈಬ್ರರಿ ಈ ವೆಬ್-ಪೈಯ ಮೇಲೆಯೇ ನಿಂತಿದೆ. ವೆಬ್-ಪೈಯಲ್ಲಿ ಬ್ರೌಸರು ಕಳಿಸಿದ್ದನ್ನು ಓದಲು ವೆಬ್-ಇನ್‌ಪುಟ್ ಎಂದರೆ ಸಾಕು. ಗೆಟ್ ಇರಲಿ, ಪೋಸ್ಟ್ ಇರಲಿ, ಎಲ್ಲವನ್ನೂ ಬಿಡಿಸಿ ಕೈಗೆ ಕೊಡುತ್ತದೆ. ಇಷ್ಟು ಸರಳವಾದ ಸಲಕರಣೆ ನಾನು ಬೇರೆ ಕಂಡಿಲ್ಲ.

ಆದರೆ ಬೆಳೆ ಏನು ಎಂದು ಅದನ್ನು ಸುಮ್ಮನೆ ಕೇಳಿದರೆ ಕೊನೆಯದನ್ನು ಹೇಳುತ್ತದೆ: ಹತ್ತಿ. ಜಾಂಗೋ ಎಂಬ ಇನ್ನೊಂದು ಚೌಕಟ್ಟೂ ಹಾಗೇ, ಹತ್ತಿ ಎನ್ನುತ್ತದೆ. ಫ್ಲಾಸ್ಕ್ ಎಂಬುದನ್ನು ಕೇಳಿದರೆ ಮೊದಲನೆಯದನ್ನು ಹೇಳುತ್ತದೆ: ಉಳ್ಳಾಗಡ್ಡಿ. ಮೆಣಸಿನಕಾಯಿಯನ್ನು ಮೂವರಲ್ಲಿ ಯಾರೂ ಹೇಳುವುದಿಲ್ಲ. ಅದು ಕಳೆದಿಲ್ಲ, ಅಲ್ಲೇ ಇದೆ. "ಬೆಳೆಗಳ ಪಟ್ಟಿ ಕೊಡು" ಎಂದು ಬರೆದರೆ ಮೂರು ಚೌಕಟ್ಟುಗಳೂ ಮೂರು ಬೆಳೆಯನ್ನೂ ಕೊಡುತ್ತವೆ. ವೆಬ್-ಪೈಯಲ್ಲಿ ಬೆಳೆಯ ಮುಂದೆ ಒಂದು ಖಾಲಿ ಪಟ್ಟಿ ಇಡಬೇಕು, ಉಳಿದೆರಡರಲ್ಲಿ ಗೆಟ್-ಲಿಸ್ಟ್ ಎಂದು ಕೇಳಬೇಕು. ಕೇಳದೆ ಹೋದರೆ ಯಾವ ತಪ್ಪಿನ ಸೂಚನೆಯೂ ಬರುವುದಿಲ್ಲ. ಪರದೆಯ ಮೇಲೆ "ನಿಮ್ಮ ಅರ್ಜಿ ಸ್ವೀಕೃತವಾಗಿದೆ" ಎಂದೇ ಬರುತ್ತದೆ. ರೈತ ನಂಬಿ ಮನೆಗೆ ಹೋಗುತ್ತಾನೆ.

ಬೆಳೆ ಕೇಳಿ ಬರೆದುಕೊಳ್ಳುವ ಕೆಲಸ ಮೊದಲು ಮನುಷ್ಯರದಾಗಿತ್ತು. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದಲ್ಲಿ ಭಾರಿ ಮಳೆ ಸುರಿದು ನೆರೆ ಬಂತು. ಮಲಪ್ರಭೆಯ ದಂಡೆಯವರು ಆ ದಿನಗಳನ್ನು ಮರೆತಿಲ್ಲ, 2019ರ ಆಗಸ್ಟಿನ ನೆರೆಯನ್ನೂ ಮರೆತಿಲ್ಲ. ಕಾಕಾ ಹೇಳಿದರು: ಮೊದಲ ನೆರೆಯಲ್ಲಿ ತಲಾಠಿ, ಅಂದರೆ ಊರಿನ ಲೆಕ್ಕಿಗರು, ಕಟ್ಟೆಗೆ ಬಂದು ಕೂತು ಹಾಳಾದ ಬೆಳೆಗಳನ್ನು ಕೈಯಲ್ಲಿ ಬರೆದುಕೊಂಡಿದ್ದರಂತೆ. "ಹತ್ತಿ" ಎಂದು ಇವರು ಹೇಳಿದರೆ "ಅದರ ನಡುವ ಮತ್ತ ಏನ ಹಾಕಿದ್ರಿ?" ಎಂದು ಅವರೇ ತಿರುಗಿ ಕೇಳಿದರಂತೆ. ಅವರು ಈ ನೆಲದವರು, ಎರಿ ಹೊಲದಲ್ಲಿ ಒಂದೇ ಬೆಳೆ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು. ಸರ್ವರಿಗೆ ಅದು ಗೊತ್ತಿಲ್ಲ. ತಲಾಠಿ ಕೇಳಿದ ಆ ಮರುಪ್ರಶ್ನೆಯನ್ನು ಈಗ ಪ್ರೋಗ್ರಾಮು ಬರೆಯುವವನೇ ಕೇಳಬೇಕು. ಸರ್ಕಾರದ ಪೋರ್ಟಲುಗಳು ಯಾವ ಭಾಷೆಯಲ್ಲೇ ಇರಲಿ, ಬ್ರೌಸರು ಕಳಿಸುವ ರೀತಿ ಎಲ್ಲ ಕಡೆಯೂ ಇದೇ. ಹಾಗಾಗಿ ಈ ಮಾತು ಪೈಥಾನ್ ಬಲ್ಲವರಿಗಷ್ಟೇ ಅಲ್ಲ.

ಇನ್ನೊಂದು ತೊಡಕನ್ನು ಹೇಳದೆ ಇರಲಾರೆ. "ಹೆಸರು ತಾಳೆ ಆಗಿಲ್ಲ" ಎಂದು ಒಂದು ಕಚೇರಿಯಿಂದ ನಮ್ಮ ಮನೆಯವರೊಬ್ಬರ ಅರ್ಜಿ ಹಿಂದಕ್ಕೆ ಬಂದಿತ್ತು. ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದರೆ ಅಕ್ಷರ ಅಕ್ಷರವೂ ಒಂದೇ. ಅಲ್ಲಿ ಆದದ್ದೇನೆಂದು ನನಗೆ ತಿಳಿಸಿದವರಿಲ್ಲ. ಆದರೆ ಕಣ್ಣಿಗೆ ಒಂದೇ ಆಗಿದ್ದು ಕಂಪ್ಯೂಟರಿಗೆ ಬೇರೆಯಾಗುವುದು ಕನ್ನಡದಲ್ಲಿ ನಿಜವಾಗಿ ಸಾಧ್ಯ. ನಮ್ಮ ತಾಲ್ಲೂಕಿನ ಹೆಸರನ್ನೇ ತೆಗೆದುಕೊಳ್ಳಿ, ರೋಣ. ಇದನ್ನು ಮೂರು ಸಂಕೇತದಲ್ಲಿ ಬರೆಯಬಹುದು: ರ, ಓತ್ವ, ಣ. ಅದೇ ಓತ್ವವನ್ನು ಎತ್ವ, ಕೊಂಬಿನ ದೀರ್ಘ, ಉದ್ದನೆಯ ಗುರುತು ಎಂದು ಮೂರಾಗಿ ಒಡೆದು ಬರೆದರೆ ಒಟ್ಟು ಐದು ಸಂಕೇತ ಆಗುತ್ತವೆ. ಪರದೆಯ ಮೇಲೆ ಎರಡೂ ರೋಣವೇ. ಪೈಥಾನಿಗೆ ಎರಡೂ ಒಂದೇನಾ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಇದಕ್ಕೂ ಮದ್ದಿದೆ. ಯೂನಿಕೋಡ್-ಡೇಟಾ ಎಂಬ ಗ್ರಂಥಾಲಯದಲ್ಲಿ ನಾರ್ಮಲೈಸ್ ಎಂಬ ಕಾರ್ಯ ಇದೆ. ಎನ್‌ಎಫ್‌ಸಿ ರೂಪಕ್ಕೆ ತಾ ಎಂದರೆ ಒಡೆದದ್ದನ್ನು ಕೂಡಿಸಿ ಮೂರೇ ಸಂಕೇತ ಮಾಡುತ್ತದೆ. ಓದಿದ ಕೂಡಲೇ ಪ್ರತಿ ಹೆಸರಿಗೂ ಇದನ್ನು ಮಾಡಿಬಿಡಬೇಕು. ಅರ್ಧಾಕ್ಷರದ ಪಕ್ಕದಲ್ಲಿ ಕೂರುವ, ಕಣ್ಣಿಗೆ ಕಾಣದ ಜೋಡಿಸುವ ಮತ್ತು ಬಿಡಿಸುವ ಗುರುತುಗಳು ಇದರಿಂದ ಹೋಗುವುದಿಲ್ಲ. ಹೆಸರು ಹೋಲಿಸುವಾಗ ಅವನ್ನು ಬೇರೆಯಾಗಿ ತೆಗೆಯಬೇಕು. ಒಂದೆರಡು ಸಾಲಿನ ಕೆಲಸ. ಅದನ್ನು ಮಾಡದಿದ್ದರೆ ಒಬ್ಬ ಹೆಣ್ಣುಮಗಳು ತಾನು ತಾನೇ ಎಂದು ಸಾಬೀತು ಮಾಡಲು ತಾಲ್ಲೂಕಿಗೆ ಅಲೆಯಬೇಕಾಗುತ್ತದೆ.

ಬಂದದ್ದನ್ನೆಲ್ಲ ಓದಬೇಕು ಎಂದೆ. ಬಂದದ್ದನ್ನೆಲ್ಲ ನಂಬಬೇಕು ಎಂದಲ್ಲ. ಫಾರ್ಮಿನಲ್ಲಿ ನೀವು ಹಾಕಿದ ಕಟ್ಟಳೆ ಬ್ರೌಸರಿನಲ್ಲಷ್ಟೇ ನಡೆಯುತ್ತದೆ. ಅದನ್ನು ದಾಟಿ ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದು. ಬಂದ ಪಠ್ಯವನ್ನು ದತ್ತಾಂಶ ಕೋಶದ ಆಜ್ಞೆಯೊಳಗೆ ನೇರವಾಗಿ ಹೊಲಿಯದೆ, ಖಾಲಿ ಜಾಗ ಬಿಟ್ಟು ಬೇರೆಯಾಗಿ ಒಪ್ಪಿಸಬೇಕು. ಪುಟದ ಮೇಲೆ ಮರಳಿ ತೋರಿಸುವಾಗ ಅದರಲ್ಲಿ ಅಡಗಿದ ಆಜ್ಞೆಗಳು ಜೀವ ತಳೆಯದಂತೆ ಮಾಡಬೇಕು. ಇವು ಗೊತ್ತಿರುವ ಮಾತುಗಳೇ, ಪುಸ್ತಕಗಳಲ್ಲಿವೆ. ಆದರೆ ಹಳೆಯ ಪುಸ್ತಕಗಳಲ್ಲಿ ಫಾರ್ಮು ಓದಲು ಸಿಜಿಐ ಎಂಬ ಗ್ರಂಥಾಲಯ ಹೇಳಿಕೊಟ್ಟಿರುತ್ತಾರೆ. 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಿಂದ ಅದನ್ನು ತೆಗೆದುಹಾಕಿದ್ದಾರೆ. ಗದಗ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಕಲಿಯುವ ಮಕ್ಕಳು ಇದನ್ನು ಗಮನಿಸಬೇಕು.

ಕಾಕಾ ಅವತ್ತು ನಾಲ್ಕು ಸಲ ಫಾರ್ಮು ತುಂಬಿದರು. ಕೊನೆಯ ಸಲ ಪರದೆಯ ಮೇಲೆ ಮೆಣಸಗಿ, ನೂರು ಗುಂಟೆ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಎಂದು ಪೂರ್ತಿ ಬಂತು. "ಈಗ ಸರಿಯಾಗಿ ಓದಿತು ನೋಡು" ಎಂದು ಮೊಬೈಲು ಕಿಸೆಗೆ ಹಾಕಿಕೊಂಡರು.

ಈ ಮಾತು ಕೇಳುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ನೀವು ನಾಳೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಸರ್ವರ್ ಬರೆಯುತ್ತೀರಿ. ಬರೆದ ಮೇಲೆ ಪರೀಕ್ಷೆಗೆಂದು ಇಂಗ್ಲಿಷಿನ ನಾಲ್ಕು ಅಕ್ಷರ ಕಳಿಸಿ ಕೈ ತೊಳೆದುಕೊಳ್ಳಬೇಡಿ. ನಿಮ್ಮ ಊರ ಹೆಸರನ್ನು ಕನ್ನಡದಲ್ಲಿ ಬರೆಯಿರಿ, ಅಂಕಿಗಳನ್ನು ಕನ್ನಡದಲ್ಲಿ ಹಾಕಿರಿ, ಒಂದು ಮನೆ ಖಾಲಿ ಬಿಡಿರಿ, ಬೆಳೆ ಮೂರು ಆರಿಸಿರಿ. ಮೂರೂ ತಿರುಗಿ ಬಂದರೆ ಮಾತ್ರ ನಿಮ್ಮ ಕೆಲಸವನ್ನು ಊರಿಗೆ ಕೊಡಿರಿ.